ಏಳನೇ ಬಾಬತ್ತು

ರೂವಿಯ ಹೋಟೆಲೊಂದರ ಮಹಡಿಯಲ್ಲಿ
ನಮ್ಮ ಶುಕ್ರವಾರ ಲೀಗಿನ ಸಭೆ.
ಆರನೇ ಬಾಬತ್ತು, ಚೆಂಡಿನ ರೇಟು, ಮುಗಿಯಿತು.
ಏಳನೆಯದು: ಬಸ್ತ್ಯಾಂವ ಸಿದ್ದಿಯ ಹೆಸರಲ್ಲಿ
ಒಂದು ಕಪ್ಪು ಇಡಬೇಕೇ, ಬೇಡವೇ.
ಕಪ್ಪು ಎಂದ ಕೂಡಲೇ ಮೂಲೆಯಲ್ಲಿ ಯಾರೋ ನಕ್ಕರು.
ಆ ಶ್ಲೇಷಕ್ಕೆ ಈಗ ಮೂವತ್ತೇಳು ವರ್ಷ.

‘ಹಳೇದನ್ನು ಯಾಕೆ ಕೆದಕೋದು’ ಎಂದರು ಖಜಾಂಚಿ.
‘ಇಂಥ ಬಣ್ಣದವರು ಆಡಬಾರದೆಂದು
ಯಾವ ನಿಯಮದಲ್ಲಿ ಬರೆದಿದೆ, ತೋರಿಸಿ.’
ನಿಜ. ಬರೆದಿರಲಿಲ್ಲ.
ಬರೆಯುವ ಕೆಲಸ ನನ್ನದಿತ್ತು, ನಾನು ಬಲ್ಲೆ.

ಎಂಬತ್ತೇಳು. ವಾದಿ ಕಬೀರಿನ ಜಲ್ಲಿ ಮೈದಾನ,
ನಡುವೆ ಮೊಳೆ ಹೊಡೆದ ಮ್ಯಾಟು.
ಬಿದ್ದರೆ ಮೊಣಕೈಯ ಚರ್ಮ ಅಲ್ಲೇ ಬಿಟ್ಟು ಏಳಬೇಕು.
ಟೈರ್ ಗೋದಾಮಿನ ಲೆಕ್ಕಿಗ ನಾನು, ಶುಕ್ರವಾರ ಸ್ಕೋರರ್.
ನೆರಳು ಇದ್ದದ್ದು ನನ್ನ ಮೇಜಿಗೆ ಮಾತ್ರ.

ಕ್ಯಾಂಪಿನ ಪಿಕಪ್ಪಿನಿಂದ ಇಳಿದವನು
ಸಿಮೆಂಟು ಮೆತ್ತಿದ ಬೂಟಿನಲ್ಲೇ ಓಡಿಬಂದು ಹಾಕಿದ ಮೊದಲ ಚೆಂಡಿಗೆ
ಕಬ್ಬಿಣದ ಸ್ಟ್ಯಾಂಡಿನ ಸಮೇತ ಮೂರೂ ಸ್ಟಂಪು ಅಂಗಾತ.

ಎದುರಿನವರು ಓಡಿಬಂದರು:
‘ಲೀಗು ನಮ್ಮ ದೇಶದವರದ್ದು. ಈ ಆಫ್ರಿಕದವನನ್ನು
ಎಲ್ಲಿಂದ ಹಿಡಿದು ತಂದಿರಿ?’
‘ಹಳಿಯಾಳದಾಂವ ನಾನು’ ಎಂದ.
‘ಅರೆ, ಕನ್ನಡವನ್ನೂ ಕಲಿಸಿದ್ದೀರಿ!
ಪಾಸ್‌ಪೋರ್ಟ್ ತೋರಿಸಲಿ.’
ಅದು ಅರಬಾಬನ ಕಪಾಟಿನಲ್ಲಿತ್ತು.
ನನ್ನದೂ ಯಾರದೋ ಕಪಾಟಿನಲ್ಲೇ ಇತ್ತು.
ನನ್ನನ್ನು ಯಾರೂ ಕೇಳಲಿಲ್ಲ.

ಆಮೇಲೊಂದು ಉಪಾಯ ಹೂಡಿದರು.
ಯಾರೆಂದು ನೆನಪಿಲ್ಲ ಎನ್ನುತ್ತಿದ್ದೆ ಇಷ್ಟು ದಿನ.
ನಾನೇ.
ಅಕ್ಕನ ಮದುವೆಗೆಂದು ಕುಮಟೆಗೆ ಹೋಗಿದ್ದ
ಪ್ರಭಾಕರ ಬಾಳಿಗನ ಹೆಸರಲ್ಲಿ ಇವನನ್ನು ಆಡಿಸುವುದು.
ಎದುರಿನವರೂ ಒಪ್ಪಿದರು:
ಮೈದಾನದಲ್ಲಿ ಯಾರಾದರೂ ಇರಲಿ, ಕಾಗದ ಚೊಕ್ಕ ಇರಲಿ.
ನಾಲ್ಕು ಶುಕ್ರವಾರ, ಹತ್ತೊಂಬತ್ತು ವಿಕೆಟ್ಟು,
ಎಲ್ಲವೂ ಊರಲ್ಲಿ ಹೋಳಿಗೆ ತಿನ್ನುತ್ತಿದ್ದ ಪ್ರಭಾಕರನಿಗೆ.

ಐದನೇ ಶುಕ್ರವಾರ ಓವರಿನ ನಡುವೆ
ಸೀದಾ ನನ್ನ ಮೇಜಿಗೆ ಬಂದ.
‘ಏನ್ ಬರದೀರಿ, ಓದ್ರಿ.’
ಪಿ. ಬಾಳಿಗ, ಎಂದು ಓದಿದೆ.
ಚೆಂಡನ್ನು ಕಿಸೆಗೆ ಹಾಕಿಕೊಂಡ,
ತನ್ನ ಓಟ ಶುರುವಾಗುವಲ್ಲಿಗೆ ಹೋಗಿ
ಜಲ್ಲಿಯ ಮೇಲೆ ಕೂತುಬಿಟ್ಟ.

ಹನ್ನೊಂದು ನಿಮಿಷ. ಏಪ್ರಿಲ್ ಬಿಸಿಲು.
ಅಂಪೈರು ಗಡಿಯಾರ ನೋಡಿದರು, ಕ್ಯಾಪ್ಟನ್ ಬೇಡಿಕೊಂಡ, ಬೈದ.
ಚೆಂಡು ಮಾತ್ರ ಅವನ ಕಿಸೆಯಲ್ಲಿ.
ಕೊನೆಗೆ ಬಾಳಿಗನ ಮೇಲೆ ಕಾಟು ಹೊಡೆದೆ, ಬರೆದೆ.
‘ಗಟ್ಟಿಯಾಗಿ ಓದ್ರಿ’ ಎಂದ ಕೂತಲ್ಲಿಂದಲೇ.
ಓದಿದೆ. ಎದ್ದ.

ಆ ದಿನ ಅವನಿಗೆ ಒಂದೂ ವಿಕೆಟ್ಟು ಬೀಳಲಿಲ್ಲ.
ಪಂದ್ಯ ಸೋತೆವು. ಅದನ್ನೂ ಹೇಳಬೇಕು.
ಮುಂದಿನ ವರ್ಷ ಸುಡಾನಿನ ಮೇಷ್ಟರೊಬ್ಬರು ಬಂದರು,
ಜಂಜಿಬಾರ್ ಕಡೆಯ ಬಸ್ ಡ್ರೈವರ್ ಬಂದ.
ಸ್ಪೆಲ್ಲಿಂಗ್ ಕೇಳಿಯೇ ಬರೆದುಕೊಂಡೆ.

ಇಡಿ, ಕಪ್ಪು ಇಡಿ ಎಂದೆ ಸಭೆಯಲ್ಲಿ.
ಆದರೆ ‘ಅಡ್ಡಗೋಡೆ ಒಡೆದವನು’ ಎಂದಷ್ಟೇ ಕೆತ್ತಿದರೆ
ಗೋಡೆ ಎಂಬುದು ಧೂಳುಗಾಳಿಯಂತೆ
ತಾನಾಗಿ ಎದ್ದಿತ್ತು ಎಂದಾಗುತ್ತದೆ.
ಕೆಳಗೆ ಸಣ್ಣಕ್ಷರದಲ್ಲಿ ಗಾರೆ ಕಲಸಿದವರೂ ಇರಲಿ.
ನನ್ನಿಂದ ಶುರುಮಾಡಿ.

ಯಾರೂ ಮಾತಾಡಲಿಲ್ಲ.
ನಿನ್ನೆ ರಾತ್ರಿ ಹಳಿಯಾಳಕ್ಕೆ ಫೋನು ಮಾಡಿದ್ದೆ.
ತುಸು ಕೆಮ್ಮಿದ, ಮೊಮ್ಮಗಳನ್ನು ಗದರಿದ, ಆಮೇಲೆ:
‘ಕಪ್ಪು ಇರ್ಲಿ ಬಿಡ್ರಿ.
ಆ ಹತ್ತೊಂಬತ್ತು ಎಲ್ಲಿ ಅದಾವ?’

ಚಹಾ ಬಂತು.
ಏಳನೇ ಬಾಬತ್ತು ಮುಂದಿನ ಸಭೆಗೆ ಹೋಯಿತು.
ನಾನು ಚೀಲದಿಂದ ಹಳೇ ಪುಸ್ತಕ ತೆಗೆದು
ಪುಟ ಅಂಟಿಕೊಂಡಲ್ಲಿ ಉಗುರಿಂದ ಬಿಡಿಸಿ
ಒಂದೊಂದೇ ಬಾಳಿಗನನ್ನು ಹೊಡೆದುಹಾಕತೊಡಗಿದೆ.
ಮೂರನೆಯದಕ್ಕೆ ಖಜಾಂಚಿ ಬಗ್ಗಿ ನೋಡಿದರು:
‘ಇಷ್ಟು ವರ್ಷದ ಮೇಲೆ ಸ್ಕೋರು ತಿದ್ದುವುದೇ?
ನಿಯಮ ಉಂಟೇ?’

ಕೂಡದೆಂದು ಎಲ್ಲಿ ಬರೆದಿದೆ,
ತೋರಿಸಿ, ಎಂದೆ.